ಜೆಸನ್ ಕಸ ಗುಡಿಸುವ ಮೊದಲು

ಉಡುಪಿ ಕುಂಜಿಬೆಟ್ಟಿನ ನಮ್ಮ ಮನೆಗೆ ಲ್ಯಾಪ್‌ಟಾಪ್ ಹಿಡಿದು ಬರುವ ನೆಂಟರ ತಕರಾರು ಒಂದೇ: ‘ಗೂಗಲ್ ಡ್ರೈವ್ ತುಂಬ ಎಂಥದೋ ಜೆಸನ್ ಫೈಲು ಮಾರಾಯ, ಫೋಟೋ ಎಷ್ಟುಂಟೋ ಅಷ್ಟೇ ಅದೂ ಉಂಟು. ಎಲ್ಲ ಡಿಲೀಟ್ ಹೊಡೆಯಲಾ?’ ನಮ್ಮ ಭಾವ ಕೇಳುವುದಕ್ಕೂ ಬರಲಿಲ್ಲ, ಹೊಡೆದೇಬಿಟ್ಟರು. ಈಗ ಅವರ ಅಜ್ಜಿಯ ಮದುವೆ ಫೋಟೋ ಸ್ಕ್ಯಾನ್ ಮಾಡಿಸಿದ ದಿನಕ್ಕೆ ಹೋಗಿ, ಮಗಳ ಬರ್ತ್‌ಡೇ ಕೇಕಿನ ಪಕ್ಕ ಕೂತಿದೆ.

ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಉಚಿತವಾಗಿ ಸಿಗುವ 15 ಜಿಬಿ ತುಂಬಿದವರು ಟೇಕ್‌ಔಟ್ (ಗೂಗಲ್‌ನಲ್ಲಿರುವ ನಮ್ಮ ಫೈಲುಗಳನ್ನು ಒಟ್ಟಿಗೆ ಇಳಿಸಿಕೊಳ್ಳುವ ಸೌಲಭ್ಯ) ಮಾಡಿ ಫೋಟೋ ಹೊರಗೆ ತಂದರು, ಜೊತೆಗೆ ಒಂದೊಂದು ಫೋಟೋದ ವಿವರ ಬರೆದಿಟ್ಟ ಚೀಟಿಯಂಥ ಪುಟ್ಟ ಫೈಲು, ಜೆಸನ್, ಬಂತು. ನೀವು ಆ್ಯಪ್‌ನಲ್ಲಿ ತಿದ್ದಿದ ದಿನಾಂಕ, ಬರೆದ ವಿವರಣೆ, ಹಾಕಿದ ಊರು ಇರುವುದು ಈ ಚೀಟಿಯಲ್ಲಿ. ಒಂದೇ ಫೋಟೋ ವರ್ಷದ ಫೋಲ್ಡರಿನಲ್ಲೂ ಆಲ್ಬಮ್ಮಿನಲ್ಲೂ ಇದ್ದರೆ ಚೀಟಿಯೂ ಎರಡು. ಅದೇ ಫೋಲ್ಡರನ್ನು ಎರಡು ಸಲ ಅಪ್‌ಲೋಡ್ ಮಾಡಿದರೆ ನಾಲ್ಕು. ಒಂದೇ ಹೆಸರಿನ ಎರಡು ಫೈಲು ಒಂದೇ ಫೋಲ್ಡರಿನಲ್ಲಿ ಇರುವುದಕ್ಕೆ ಗೂಗಲ್ ಡ್ರೈವ್‌ನ ಅಡ್ಡಿಯೇನೂ ಇಲ್ಲ.

ಜಾಗ ಉಳಿಸಲು ಜೆಸನ್ ಅಳಿಸುತ್ತೇನೆ ಎನ್ನುವವರು ಇಲ್ಲೇ ನಿಲ್ಲಿ. ಒಂದು ಚೀಟಿ ಸುಮಾರು 1 ಕೆಬಿ. 20,000 ಅಳಿಸಿದರೂ ಸಿಗುವುದು ಸುಮಾರು 20 ಎಂಬಿ. ಟೇಕ್‌ಔಟ್ ಮಾಡುವಾಗ ‘ಡ್ರೈವ್‌ಗೆ ಸೇರಿಸು’ ಎಂದು ಒತ್ತಿದ್ದರೆ ಜಿಬಿಗಟ್ಟಲೆ ತಿನ್ನುತ್ತಿರುವುದು ಅಲ್ಲಿ ಬಿದ್ದಿರುವ ಜಿಪ್. ಬಿಚ್ಚಿದ ಪ್ರತಿ ಸರಿಯಿದೆಯೇ ನೋಡಿಕೊಂಡು ಅದನ್ನು ತೆಗೆಯಿರಿ. ಜೆಸನ್ ತೆಗೆಯುವುದು ಏನಿದ್ದರೂ ಅಚ್ಚುಕಟ್ಟಿಗೆ, ಮತ್ತೆ ಸಿಂಕ್ (ಕಂಪ್ಯೂಟರಿನ ಫೋಲ್ಡರನ್ನೂ ಡ್ರೈವನ್ನೂ ಒಂದೇ ಸಮ ಇಡುವ ಕೆಲಸ) ಬೇಗ ಮುಗಿಯಲಿ ಎಂದು.

ಹೆಜ್ಜೆ 1: ಸಿಂಕ್ ನಿಲ್ಲಿಸಿ. ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಆ ಕಾಪಿಯಲ್ಲೇ ಕೆಲಸ ಮಾಡಿ.

ಹೆಜ್ಜೆ 2: ಯಾವ ಚೀಟಿ ಬೇಕು, ಯಾವುದು ಬೇಡ ಎಂದು ಬೇರ್ಪಡಿಸಿ. ಎಲ್ಲರೂ ಎಡವುವುದು ಇಲ್ಲೇ. ವಿಂಡೋಸ್ ಫೋಲ್ಡರನ್ನು ಡೀಟೇಲ್ಸ್ ನೋಟಕ್ಕೆ ತನ್ನಿ, ಮೇಲಿನ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಡೇಟ್ ಟೇಕನ್’ ಕಾಲಂ ಸೇರಿಸಿ, ಅದರ ಪ್ರಕಾರ ಸಾರ್ಟ್ ಮಾಡಿ. ಖಾಲಿ ಇರುವವು ಒಂದು ತುದಿಗೆ ಬಂದು ಗುಂಪು ಕಟ್ಟುತ್ತವೆ. ಹೆಚ್ಚಿನವು ವಾಟ್ಸ್ಆ್ಯಪ್‌ನಲ್ಲಿ ಬಂದವು, ಏಕೆಂದರೆ ಅದು ಕ್ಯಾಮೆರಾದ ಮಾಹಿತಿಯನ್ನು ಕಿತ್ತೇ ಕಳಿಸುತ್ತದೆ. ಇವನ್ನೂ ಸ್ಕ್ಯಾನ್ ಮಾಡಿದ ಹಳೆಯ ಫೋಟೋಗಳನ್ನೂ ಅವುಗಳ ಜೆಸನ್ ಸಮೇತ ಬೇರೆ ಫೋಲ್ಡರಿಗೆ ಹಾಕಿ. ಸ್ಕ್ಯಾನ್‌ಗಳನ್ನು ಕಣ್ಣಿಂದಲೇ ಹುಡುಕಬೇಕು, ಅವುಗಳೊಳಗೆ ಸ್ಕ್ಯಾನ್ ಮಾಡಿದ ದಿನ ಇದ್ದೀತು. ಉಳಿದ ಕ್ಯಾಮೆರಾ ಫೋಟೋಗಳಲ್ಲಿ ದಿನಾಂಕ ಒಳಗೇ ಉಂಟು. ಆ್ಯಪ್‌ನಲ್ಲಿ ಅವಕ್ಕೆ ನೀವೇನೂ ಬರೆದಿರದಿದ್ದರೆ ಚೀಟಿ ಬೇಡ.

ಜೋಡಿ ಹುಡುಕುವಾಗ ಆವರಣ ಚಿಹ್ನೆಯ ಮೇಲೆ ಕಣ್ಣಿಡಿ. ಫೋಟೋದ ಹೆಸರು ‘ಐಎಂಜಿ_0231(1).ಜೆಪಿಜಿ’ ಎಂದಿದ್ದರೆ ಅದರ ಚೀಟಿ ‘ಐಎಂಜಿ_0231.ಜೆಪಿಜಿ(1).ಜೆಸನ್’ ಎಂದಿರಬಹುದು, (1) ಜಾಗ ಬದಲಿಸಿರುತ್ತದೆ. (1) ಇದ್ದದ್ದೆಲ್ಲ ನಕಲೂ ಅಲ್ಲ: 9999 ದಾಟಿದ ಕ್ಯಾಮೆರಾ ಮತ್ತೆ ಮೊದಲಿನಿಂದ ಎಣಿಸುವುದರಿಂದ ಒಂದೇ ಹೆಸರಿನ ಬೇರೆ ಬೇರೆ ಚಿತ್ರಗಳು ಇರುತ್ತವೆ. ಈಚಿನ ಟೇಕ್‌ಔಟ್‌ಗಳಲ್ಲಿ ಚೀಟಿಗೆ ‘ಸಪ್ಲಿಮೆಂಟಲ್-ಮೆಟಾಡೇಟಾ’ ಎಂಬ ಬಾಲ ಬೇರೆ, ಹೆಸರು ಉದ್ದವಾದರೆ ಅದು ಅರ್ಧಕ್ಕೇ ತುಂಡು. ಹೆಸರು ನೋಡಿ ನಕಲು ಅಳಿಸುವ ಪುಕ್ಕಟೆ ಕ್ಲೀನರ್‌ಗಳನ್ನು ದಯವಿಟ್ಟು ಇದಕ್ಕೆ ಬಿಡಬೇಡಿ.

ಹೆಜ್ಜೆ 3: ಚೀಟಿಯ ದಿನಾಂಕವನ್ನು ಫೋಟೋದೊಳಗೆ ಬರೆಯಿರಿ. ನೂರರೊಳಗಿದ್ದರೆ ಕೈಯಲ್ಲೇ ಆಗುತ್ತದೆ. ಜೆಸನ್ ಅನ್ನು ನೋಟ್‌ಪ್ಯಾಡಿನಲ್ಲಿ ತೆರೆದು ‘ಫೋಟೋಟೇಕನ್‌ಟೈಮ್’ ಹುಡುಕಿ. ಹತ್ತಿರದಲ್ಲೇ ಇರುವ ‘ಕ್ರಿಯೇಷನ್‌ಟೈಮ್’ ಅಲ್ಲ, ಭಾವನ ಮಗ ಸೋತದ್ದು ಅಲ್ಲೇ. ‘ಫೋಟೋಟೇಕನ್‌ಟೈಮ್’ ಕೆಳಗೆ ಒಂದು ಉದ್ದದ ಸಂಖ್ಯೆ ಇದೆ, 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಲೆಕ್ಕ. ಅಜ್ಜಿಯ ಮದುವೆಯಂಥ ಹಳೆಯ ಫೋಟೋಗೆ ಮೈನಸ್ ಚಿಹ್ನೆ ಇದ್ದರೆ ಗಾಬರಿ ಬೇಡ. ಅದರಡಿ ಓದಲು ಬರುವ ದಿನಾಂಕವೂ ಇದೆ, ಆದರೆ ಅದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಉಡುಪಿ ಕೃಷ್ಣಮಠದ 2024ರ ಪರ್ಯಾಯದ ಮೆರವಣಿಗೆಯನ್ನು ಜೋಡುಕಟ್ಟೆಯ ಹತ್ತಿರ ಜನವರಿ 18ರ ಬೆಳಗಿನ ಜಾವ 3 ಗಂಟೆಗೆ ತೆಗೆದಿದ್ದೆವು. ಚೀಟಿಯಲ್ಲಿ ಅದು ಜನವರಿ 17ರ ರಾತ್ರಿ 9.30! ಹಾಗೇ ಬರೆದರೆ ಪರ್ಯಾಯ ಒಂದು ದಿನ ಮೊದಲೇ ಆದಂತೆ. ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟ, ಭೂತಕೋಲಗಳ ಫೋಟೋಗೂ ಇದೇ ಪಾಡು. ಲೆಕ್ಕ ಹಾಕಿದ ಮೇಲೆ ಫೋಟೋದ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್‌ನಲ್ಲಿ ‘ಡೇಟ್ ಟೇಕನ್’ ತುಂಬಿ.

ಸಾವಿರಗಟ್ಟಲೆ ಇದ್ದರೆ ಫಿಲ್ ಹಾರ್ವೆ ಬರೆದ ಉಚಿತ ತಂತ್ರಾಂಶ ಎಕ್ಸಿಫ್‌ಟೂಲ್ ಬಳಸಿ. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಬೇಕು, ನೋಡಲು ಚಂದವಿಲ್ಲ, ಆದರೆ ನಾನು ನಂಬುವುದು ಅದನ್ನೊಂದೇ. ಮೊದಲು ಹತ್ತು ಫೋಟೋಗಳ ಮೇಲೆ ಓಡಿಸಿ ನೋಡಿ. ಅದು ಮೂಲ ಫೈಲನ್ನು ‘ಒರಿಜಿನಲ್’ ಬಾಲ ಹಚ್ಚಿ ಪಕ್ಕದಲ್ಲೇ ಇಡುತ್ತದೆ, ತಪ್ಪಿದರೆ ವಾಪಸು ಬರಬಹುದು.

ಹೆಜ್ಜೆ 4: ಜೆಸನ್‌ಗಳನ್ನಷ್ಟೇ ಹುಡುಕಿ, ಒಂದೊಂದು ಪ್ರತಿಯನ್ನು ಫೋಲ್ಡರ್ ಸಮೇತ ಜಿಪ್ ಮಾಡಿ ಎತ್ತಿಡಿ, ಆಮೇಲೆ ಫೋಲ್ಡರಿನಲ್ಲಿರುವ ಜೆಸನ್‌ಗಳನ್ನಷ್ಟೇ ಅಳಿಸಿ. ಜಿಪ್ ಇಡುವ ಮಾತಿನಲ್ಲಿ ನಾನು ಹಟಮಾರಿ. ಆಲ್ಬಮ್ಮಿನ ಹೆಸರು, ವಿವರಣೆ ಎಲ್ಲ ಅದರಲ್ಲೇ ಉಳಿಯುವುದು.

ಹೆಜ್ಜೆ 5: ಸ್ವಚ್ಛ ಫೋಲ್ಡರನ್ನು ಹೊಸ ಹೆಸರಿನಲ್ಲಿ ಅಪ್‌ಲೋಡ್ ಮಾಡಿ, ಹಳೆಯದನ್ನು ಬಿನ್‌ಗೆ ಹಾಕಿ. ಡ್ರೈವ್‌ನ ಬಿನ್‌ನಲ್ಲಿ 30 ದಿನ ಇರುತ್ತದೆ, ಅಷ್ಟು ದಿನವೂ ನಿಮ್ಮ 15 ಜಿಬಿ ಲೆಕ್ಕಕ್ಕೇ ಸೇರುತ್ತದೆ. ಖಾಲಿ ಮಾಡಲು ಅವಸರ ಬೇಡ. ಒಂದು ಸ್ಕ್ಯಾನ್, ಒಂದು ವಾಟ್ಸ್ಆ್ಯಪ್, ಒಂದು ನಡುರಾತ್ರಿಯ ಫೋಟೋ ತೆರೆದು ನೋಡಿ. ಪರ್ಯಾಯ ಜನವರಿ 18ಕ್ಕೇ ಇದ್ದರೆ ಬಿನ್ ಖಾಲಿ ಮಾಡಿ, ಸಿಂಕ್ ಶುರು ಮಾಡಿ.