ಸೇಲ್ಸ್‌ಮನ್ ಆಗಿದ್ದ ಅಪ್ಪನ ಬದುಕನ್ನು ನೆನಪಿನ ಪುಸ್ತಿಕೆಯಾಗಿಸುವ ಬಗೆ

ದಾವಣಗೆರೆಯ ಮನೆಗಳಲ್ಲಿ ಹಿರಿಯರು ತೀರಿಕೊಂಡಾಗ ಶಿವಗಣಾರಾಧನೆಗೋ ವರ್ಷದ ಪುಣ್ಯತಿಥಿಗೋ ಪುಟ್ಟ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿ ಹಂಚುವುದುಂಟು. ‘ಸರಳ ಸಜ್ಜನರು, ಸ್ನೇಹಜೀವಿಗಳು’ ಎಂಬ ಮಾತುಗಳಿಂದ ಅದನ್ನು ತುಂಬಿಸಬೇಡಿ. ಅವು ಸುಳ್ಳಲ್ಲ, ಆದರೆ ಯಾರಿಗೆ ಬೇಕಾದರೂ ಒಪ್ಪುತ್ತವೆ. ಊರೂರು ಸುತ್ತಿ ಮಾಲು ಮಾರಿದ, ಹೋದಲ್ಲೆಲ್ಲ ನಗಿಸಿದ, ಮನೆಯವರಿಗಾಗಿ ಜೀವ ತೇಯ್ದ ನಿಮ್ಮ ತಂದೆಗೆ ಮಾತ್ರ ಒಪ್ಪುವಂಥದ್ದನ್ನು ಹುಡುಕಿ ಬರೆಯಬೇಕು.

ಬರೆಯಲು ಕೂರುವ ಮೊದಲು ಅಂಗಡಿಗಳಿಗೆ ಹೋಗಿ. ಸೇಲ್ಸ್‌ಮನ್ ಒಬ್ಬರ ಬದುಕಿನ ಅರ್ಧ ಭಾಗವನ್ನು ಮನೆಯವರು ಕಂಡೇ ಇರುವುದಿಲ್ಲ. ಅದು ಮಂಡಿಪೇಟೆ, ಚೌಕಿಪೇಟೆಯ ಗಲ್ಲಾಪೆಟ್ಟಿಗೆಗಳ ಹಿಂದೆ ಕುಳಿತವರ ಬಳಿ, ತಂದೆ ಲೈನ್‌ಗೆ, ಅಂದರೆ ಮಾರಾಟದ ಸುತ್ತಿಗೆ, ಹೋಗುತ್ತಿದ್ದ ಹೊನ್ನಾಳಿ, ಚನ್ನಗಿರಿ, ಜಗಳೂರು, ಹೊಳಲ್ಕೆರೆಗಳ ವ್ಯಾಪಾರಸ್ಥರ ಬಳಿ ಇರುತ್ತದೆ. ಫೋನಿನಲ್ಲಿ ಕೇಳಿದರೆ ‘ಬಹಳ ಒಳ್ಳೆಯವರು’ ಎಂದಷ್ಟೇ ಹೇಳಿ ಮುಗಿಸುತ್ತಾರೆ. ಆದ್ದರಿಂದ ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನದ ಹೊತ್ತಿನಲ್ಲಿ ಖುದ್ದಾಗಿ ಹೋಗಿ, ‘ಅಪ್ಪಾಜಿ ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಮೊದಲು ಏನೆನ್ನುತ್ತಿದ್ದರು? ಮಾಲು ಬೇಡವೆಂದರೆ ಏನು ಮಾಡುತ್ತಿದ್ದರು? ಉದ್ರಿ ವಸೂಲಿಗೆ ಬಂದ ದಿನ ಹೇಗೆ ಮಾತು ತೆಗೆಯುತ್ತಿದ್ದರು?’ ಎಂದು ಕೇಳಿ. ಈ ಮೂರನೆಯ ಪ್ರಶ್ನೆಗೇ ಹೆಚ್ಚಿನ ಬೆಲೆಯಿದೆ ಎಂಬುದು ನನ್ನ ನಂಬಿಕೆ, ಏಕೆಂದರೆ ಆರ್ಡರ್ ಪಡೆಯುವಾಗ ನಗುವುದು ಎಲ್ಲರಿಗೂ ಸಾಧ್ಯ, ಬಾಕಿ ಕೇಳುವಾಗಲೂ ಎದುರಿನವರ ಮರ್ಯಾದೆ ಕಾಯುವುದು ಕೆಲವರಿಗೆ ಮಾತ್ರ.

ಹಳೆಯ ಆರ್ಡರ್ ಪುಸ್ತಕ, ಬಿಲ್ಲು, ಡೈರಿಗಳನ್ನು ರದ್ದಿಗೆ ಹಾಕಬೇಡಿ. ದಿನಾಂಕ ಅಳಿಸಿಹೋಗಿದ್ದರೂ ಅವುಗಳಿಂದ ಕಾಲವನ್ನು ಊಹಿಸಬಹುದು. ದಾವಣಗೆರೆಯ ವಿಳಾಸದಲ್ಲಿ ‘ಚಿತ್ರದುರ್ಗ ಜಿಲ್ಲೆ’ ಎಂದು ಅಚ್ಚಾಗಿದ್ದರೆ ಆ ಕಾಗದ ಬಹುಮಟ್ಟಿಗೆ 1997ಕ್ಕೂ ಹಿಂದಿನದು, ಏಕೆಂದರೆ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು ಆ ವರ್ಷ. ಕರ್ನಾಟಕದಲ್ಲಿ ವ್ಯಾಟ್ ಜಾರಿಗೆ ಬಂದದ್ದು 2005ರ ಏಪ್ರಿಲ್‌ನಲ್ಲಿ, ಜಿಎಸ್‌ಟಿ ಬಂದದ್ದು 2017ರ ಜುಲೈನಲ್ಲಿ. ಹೀಗಾಗಿ ಬಿಲ್ಲಿನ ಮೇಲೆ ಟಿನ್ (ವ್ಯಾಟ್ ನೋಂದಣಿ) ಸಂಖ್ಯೆ ಇದ್ದರೆ ಅದನ್ನು ಈ ಎರಡರ ನಡುವಿನ ವರ್ಷಗಳಿಗೆ ಸೇರಿಸಬಹುದು. ಹರಪನಹಳ್ಳಿಯ ವಿಷಯದಲ್ಲಿ ಎಚ್ಚರವಿರಲಿ: ಆ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿ, 2018ರಲ್ಲಿ ಮರಳಿ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ.

ಅವರ ತಮಾಷೆಗಳನ್ನು ಗ್ರಾಂಥಿಕ ಭಾಷೆಗೆ ತಿರುಗಿಸಬೇಡಿ. ಉಳಿದ ಬರಹ ಶಿಷ್ಟ ಕನ್ನಡದಲ್ಲಿರಲಿ, ಆದರೆ ಅವರ ಬಾಯಿಂದ ಬಂದದ್ದು ‘ಯಾಕ್ರೀ ಸಾವ್ಕಾರ್ರೇ, ಇವತ್ತು ನಗು ಸ್ಟಾಕ್ ಇಲ್ಲೇನ್ರೀ?’ ಎಂಬಂತಹ ಮಾತಾಗಿದ್ದರೆ ಹಾಗೆಯೇ ಬರೆದು, ಎದುರಿಗೆ ಯಾರಿದ್ದರು, ಅವರು ಏನೆಂದರು ಎಂಬುದನ್ನೂ ಸೇರಿಸಿ. ನಗೆಯ ಅರ್ಥವನ್ನು ವಿವರಿಸಲು ಹೋಗಬೇಡಿ. ಬದುಕಿರುವ ಯಾರನ್ನಾದರೂ ಕುರಿತ ತಮಾಷೆಯಾದರೆ ಅವರ ಒಪ್ಪಿಗೆ ಪಡೆಯಿರಿ. ಸಾವಿನ ಮನೆಯ ಪುಸ್ತಿಕೆಯಲ್ಲಿ ನಗೆ ಸಲ್ಲದೆಂದು ಬಂಧುಗಳು ಹೇಳಬಹುದು; ನಕ್ಕು ಬಾಳಿದವರ ಚಿತ್ರದಿಂದ ಆ ನಗೆಯನ್ನೇ ತೆಗೆದರೆ ಅವರಿಗೆ ಅನ್ಯಾಯವಾಗುತ್ತದೆ ಎಂದು ವಿನಯದಿಂದಲೇ ತಿಳಿಸಿ.

ಮನೆಯ ಭಾಗವನ್ನು ಬರೆಯುವಾಗ ತಾಯಿಯನ್ನು ಬಂದವರ ಎದುರಿಗಲ್ಲದೆ ಒಬ್ಬರೇ ಇರುವಾಗ ಮಾತನಾಡಿಸಿ, ಅವರಿಗೆ ಸಾಕೆನಿಸಿದ ಕೂಡಲೇ ನಿಲ್ಲಿಸಿ. ಯಜಮಾನರು ಟೂರ್‌ನಲ್ಲಿದ್ದಾಗ ಮಕ್ಕಳ ಜ್ವರ, ಶಾಲೆಯ ಫೀಸು, ನೆಂಟರಿಷ್ಟರನ್ನೆಲ್ಲ ನಿಭಾಯಿಸಿದವರು ಅವರೇ ಆದ್ದರಿಂದ, ಅವರ ದುಡಿಮೆಗೂ ಪುಸ್ತಿಕೆಯಲ್ಲಿ ಜಾಗವಿರಬೇಕು. ‘ಮಕ್ಕಳೆಂದರೆ ಪ್ರಾಣ’ ಎನ್ನುವುದಕ್ಕಿಂತ, ಲೈನ್ ಮುಗಿಸಿ ಬಂದ ರಾತ್ರಿ ಚೀಲದಿಂದ ಏನು ತೆಗೆಯುತ್ತಿದ್ದರು, ಭಾನುವಾರ ಬೆಣ್ಣೆದೋಸೆಗೆ ಯಾರನ್ನೆಲ್ಲ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು, ಸಂಜೆಯ ಮಂಡಕ್ಕಿ-ಮೆಣಸಿನಕಾಯಿಯಲ್ಲಿ ತಮ್ಮ ಪಾಲನ್ನು ಯಾರ ತಟ್ಟೆಗೆ ಹಾಕುತ್ತಿದ್ದರು ಎಂಬುದನ್ನು ಬರೆಯಿರಿ.

ನುಡಿನಮನದ ದಿನ ಇಡೀ ಪುಸ್ತಿಕೆಯನ್ನು ಓದುವ ಅಗತ್ಯವಿಲ್ಲ. ಅಂಗಡಿಯವರು ಹೇಳಿದ ಒಂದು ಪ್ರಸಂಗ, ಮನೆಯದೊಂದು ಪ್ರಸಂಗ ಸಾಕು. ನೆನಪು ಹಂಚಿಕೊಂಡ ವ್ಯಾಪಾರಸ್ಥರ ಹೆಸರುಗಳನ್ನು ಅವರಿಂದಲೇ ಪರಿಶೀಲಿಸಿ ಅಚ್ಚು ಹಾಕಿಸಿ, ಅವರ ಪ್ರತಿಯನ್ನು ಅಂಚೆಗೆ ಹಾಕದೆ ಅಂಗಡಿಗೇ ಹೋಗಿ ಕೊಟ್ಟು ಬನ್ನಿ.