ವರ್ಷಕ್ಕೊಮ್ಮೆ ಬರುವ ಹಣದಲ್ಲಿ ಹೂಡಿಕೆ: ತೊಗರಿ ಬೆಳೆಯುವ ಮನೆಯೊಂದರ ಅನುಭವ

ಹೂಡಿಕೆಗೆ ಹೊಸಬರಾದವರಿಗೆ ಸಿಗುವ ಮೊದಲ ಸಲಹೆ ಸಾಮಾನ್ಯವಾಗಿ ‘ಪ್ರತಿ ತಿಂಗಳು ಇಷ್ಟು ತೆಗೆದಿಡಿ’ ಎಂಬುದು. ಸಂಬಳದಾರರಿಗೆ ಅದು ಸರಿಯಾದ ಮಾತೇ. ಆದರೆ ಕಲಬುರಗಿ ಸುತ್ತಲಿನ ನಮ್ಮಂಥ ಮನೆಗಳಲ್ಲಿ ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್–ಜನವರಿಯಲ್ಲಿ ರಾಶಿಯಾಗಿ, ಗಂಜಿಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ ಹೋಗಿ, ಮಾಲು ಮಾರಿಸಿಕೊಡುವ ಅಡತ್ ಅಂಗಡಿಯ ಪಟ್ಟಿ ಕೈಗೆ ಬಂದಾಗ ಮಾತ್ರ ದೊಡ್ಡ ಹಣ ಕಣ್ಣಿಗೆ ಬೀಳುತ್ತದೆ. ಉಳಿದ ತಿಂಗಳೆಲ್ಲ ಖರ್ಚಿನದೇ ಲೆಕ್ಕ. ಮನೆಯ ಲೆಕ್ಕ ನನ್ನ ಪಾಲಿಗೆ ಬಂದ ಮೇಲೆ ನಾನು ಮೊದಲು ಗಟ್ಟಿ ಮಾಡಿಕೊಂಡದ್ದು, ಆ ಒಂದೇ ಹಣವನ್ನು ಯಾವ ಕ್ರಮದಲ್ಲಿ ಪಾಲು ಮಾಡಬೇಕು ಎಂಬುದನ್ನು. ಯಾವ ಫಂಡ್, ಎಷ್ಟು ಲಾಭ ಎಂಬ ಪ್ರಶ್ನೆಗಳಿಗಿಂತ ಈ ಕ್ರಮವೇ ನಮ್ಮನ್ನು ಕಾಯ್ದಿದೆ.

ಪಟ್ಟಿಯಲ್ಲಿ ಕ್ವಿಂಟಲ್ ಮತ್ತು ದರ ಬರೆದು, ಹಮಾಲಿ, ತೂಕದ ಖರ್ಚು ಕಳೆದು, ಕೊನೆಗೆ ಕೈಗೆ ಬರುವ ಮೊತ್ತ ಇರುತ್ತದೆ. ಅದರ ಹಿಂಬದಿಯಲ್ಲೇ ನಾನು ಪಾಲು ಬರೆಯುತ್ತೇನೆ. ಮೊದಲ ಸಾಲು ಸಾಲದ್ದು. ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲವನ್ನು ಅವಸರದಿಂದ ಮುಂಚಿತವಾಗಿ ತೀರಿಸಬೇಕಿಲ್ಲ, ಆದರೆ ಗಡುವು ಮೀರಿದರೆ ಆ ಸೌಲಭ್ಯ ಕೈತಪ್ಪುತ್ತದೆಯಾದ್ದರಿಂದ ಅದರ ಹಣವನ್ನು ಬೇರೆಯೇ ಇಡುತ್ತೇನೆ. ಹೊರಗಿನ ಬಡ್ಡಿ ಸಾಲದ ಮಾತು ಬೇರೆ. ನೂರಕ್ಕೆ ಎರಡು ರೂಪಾಯಿ ಎಂದು ಕೇಳಲು ಹಗುರವಾಗಿರುವ ಬಡ್ಡಿ ವರ್ಷಕ್ಕೆ ಶೇ. 24 ಆಗುತ್ತದೆ. ಅಷ್ಟನ್ನು ಖಚಿತವಾಗಿ ಕೊಡುವ ಹೂಡಿಕೆ ಯಾವುದೂ ಇಲ್ಲ. ಹೀಗಾಗಿ ಅಂಥ ಸಾಲ ಮನೆಯಲ್ಲಿರುವವರೆಗೆ ಅದನ್ನು ತೀರಿಸುವುದೇ ಎಲ್ಲಕ್ಕಿಂತ ಒಳ್ಳೆಯ ಹೂಡಿಕೆ ಎಂದು ನಾನು ನಂಬಿದ್ದೇನೆ.

ಎರಡನೆಯ ಪಾಲು ಆಪತ್ತಿನ ಹಣ. ಆರು ತಿಂಗಳ ಖರ್ಚು ಸಾಕು ಎಂದು ಹೇಳುವುದುಂಟು. ಮಳೆಯ ಮೇಲೆ ನಿಂತ ಮನೆಗೆ ಅದು ಸಾಲದು. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು, ಹೂವು–ಕಾಯಿ ಹಿಡಿದು ನಿಂತಿದ್ದ ತೊಗರಿ ನೋಡನೋಡುತ್ತಲೇ ಒಣಗಿದ್ದನ್ನು ಈ ಜಿಲ್ಲೆಯವರು ಯಾರೂ ಮರೆಯಲಾರರು. ಇಂಥ ಹೊಡೆತ ಎಂದಾದರೂ ಬರಬಹುದೆಂದು ನಾನು ಅದಕ್ಕೂ ಎಷ್ಟೋ ಮೊದಲೇ, ಬರುವ ರಾಶಿಯವರೆಗಿನ ಮನೆಖರ್ಚು, ಬೀಜ–ಗೊಬ್ಬರ–ಕೂಲಿಯ ಖರ್ಚು, ಜೊತೆಗೆ ಒಂದು ಬೆಳೆ ಪೂರ್ತಿ ಹೋದರೂ ಮತ್ತೆ ಬಿತ್ತುವಷ್ಟು ಹಣ ಬ್ಯಾಂಕಿನ ಠೇವಣಿಯಲ್ಲಿ ಇರುವಂತೆ ನೋಡಿಕೊಂಡೆ. ಇದು ಒಂದೇ ವರ್ಷದಲ್ಲಿ ಕೂಡಲಿಲ್ಲ, ಕೂಡುವ ತನಕ ಷೇರಿನ ಕಡೆ ಹೋಗಲೂ ಇಲ್ಲ. ಬ್ಯಾಂಕ್ ಠೇವಣಿಗೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು–ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, 2020ರ ಫೆಬ್ರುವರಿಗೆ ಮೊದಲು ಅದು 1 ಲಕ್ಷವಷ್ಟೇ ಇತ್ತು. ಊರಿನ ಪ್ರಾಥಮಿಕ ಸಹಕಾರ ಸಂಘದಲ್ಲಿಟ್ಟ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ ಎಂಬುದನ್ನು ನಮ್ಮ ಕಡೆಯವರು ಅವಶ್ಯವಾಗಿ ತಿಳಿದಿರಬೇಕು.

ಜೀವ ವಿಮೆಯನ್ನೂ ಉಳಿತಾಯವನ್ನೂ ನಾನು ಒಂದರಲ್ಲಿ ಬೆರೆಸಿಲ್ಲ. ಯಜಮಾನರ ಹೆಸರಿನಲ್ಲಿ ಟರ್ಮ್ ವಿಮೆ, ಅಂದರೆ ಅವಧಿಯೊಳಗೆ ಸಾವಾದರೆ ಮಾತ್ರ ಹಣ ಕೊಡುವ ವಿಮೆ ಇದೆ. ಅದರ ಜೊತೆಗೆ ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ ಎಂಬ ಸರ್ಕಾರಿ ಜೀವ ವಿಮೆ, 20 ರೂಪಾಯಿಯ ಸುರಕ್ಷಾ ಬಿಮಾ ಎಂಬ ಅಪಘಾತ ವಿಮೆ ಎರಡೂ ಬ್ಯಾಂಕ್ ಖಾತೆಯಿಂದ ತಾವಾಗಿ ಕಡಿತವಾಗುತ್ತವೆ.

ಇಷ್ಟಾದ ಮೇಲೆ ಉಳಿದದ್ದೇ ನಿಜವಾದ ಹೂಡಿಕೆಯ ಹಣ. ಅದರಲ್ಲಿ ಒಂದು ಭಾಗ ಅಂಚೆ ಕಚೇರಿಯ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಗೆ ಹೋಗುತ್ತದೆ. 15 ವರ್ಷದ ಈ ಖಾತೆಗೆ ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ ರೂಪಾಯಿ ಕಟ್ಟಬಹುದು, 2020ರ ಏಪ್ರಿಲ್‌ನಿಂದ ಬಡ್ಡಿ ಶೇ. 7.1ಕ್ಕೆ ನಿಂತಿದೆ. ಒಂದೇ ಗಂಟಿನಲ್ಲಿ ಕಟ್ಟುವವರು ಗಮನಿಸಬೇಕಾದದ್ದೊಂದಿದೆ: ಬಡ್ಡಿಯನ್ನು ಪ್ರತಿ ತಿಂಗಳ 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ. ಏಪ್ರಿಲ್ 5ರೊಳಗೆ 1.5 ಲಕ್ಷ ಕಟ್ಟಿದರೆ ಆ ವರ್ಷಕ್ಕೆ 10,650 ರೂಪಾಯಿ ಬಡ್ಡಿ. ಒಂದು ದಿನ ತಡವಾದರೂ ಅದರಲ್ಲಿ 887 ರೂಪಾಯಿ 50 ಪೈಸೆ ಹೋಯಿತು.

ಇನ್ನೊಂದು ಭಾಗ ನಿಫ್ಟಿ 50 ಸೂಚ್ಯಂಕ ಫಂಡಿಗೆ, ಅಂದರೆ ನಿಫ್ಟಿ ಎಂಬ ಷೇರು ಸೂಚ್ಯಂಕದಲ್ಲಿರುವ ಕಂಪನಿಗಳ ಷೇರುಗಳನ್ನೇ ಕೊಳ್ಳುವ ಮ್ಯೂಚುವಲ್ ಫಂಡಿಗೆ. ನಮ್ಮ ಹೊಲ, ಮನೆ, ದುಡಿಮೆ ಎಲ್ಲವೂ ಈ ಜಿಲ್ಲೆಯ ಮಳೆಯನ್ನೇ ನೆಚ್ಚಿರುವಾಗ, ಉಳಿತಾಯವನ್ನಾದರೂ ದೇಶದ 50 ದೊಡ್ಡ ಕಂಪನಿಗಳಲ್ಲಿ ಹಂಚಿಡುವುದು ಸರಿ ಎನ್ನಿಸಿತು. ಡೈರೆಕ್ಟ್ ಪ್ಲ್ಯಾನನ್ನೇ ಆರಿಸಿಕೊಂಡೆ, ಏಕೆಂದರೆ ಅದರಲ್ಲಿ ಏಜೆಂಟರ ಕಮಿಷನ್ ಇರುವುದಿಲ್ಲ. ಲೆಕ್ಕಕ್ಕೆಂದು ವರ್ಷಕ್ಕೆ ಶೇ. 10 ಬೆಳವಣಿಗೆ ಹಿಡಿದರೆ 1 ಲಕ್ಷ ರೂಪಾಯಿ 20 ವರ್ಷದಲ್ಲಿ ಸುಮಾರು 6.7 ಲಕ್ಷವಾಗುತ್ತದೆ, ಕಮಿಷನ್ನಿನಂಥ ಖರ್ಚಿನಲ್ಲಿ ವರ್ಷಕ್ಕೆ ಶೇ. 1 ಹೋಗಿ 9 ಉಳಿದರೆ 5.6 ಲಕ್ಷ. ಗಂಜಿನ ಹಣವನ್ನು ಒಮ್ಮೆಲೇ ಸೂಚ್ಯಂಕ ಫಂಡಿಗೆ ಹಾಕದೆ, ಅದೇ ಸಂಸ್ಥೆಯ ಲಿಕ್ವಿಡ್ ಫಂಡಿನಲ್ಲಿಟ್ಟು (ಇದು ಷೇರಿಗಲ್ಲದೆ ಅಲ್ಪಾವಧಿಯ ಸಾಲಪತ್ರಗಳಿಗೆ ಹಣ ಹಾಕುವ ಫಂಡ್), ಅಲ್ಲಿಂದ ತಿಂಗಳಿಗೊಂದು ಕಂತು ತಾನಾಗಿ ವರ್ಗವಾಗುವಂತೆ ಎಸ್‌ಟಿಪಿ ಬರೆದುಕೊಟ್ಟಿದ್ದೇನೆ. ಕೊನೆಯ ಕಂತು ಮುಂದಿನ ರಾಶಿಗೆ ಮೊದಲೇ ಮುಗಿಯುತ್ತದೆ. ವರ್ಷಕ್ಕೊಮ್ಮೆ ಹಣ ಕಾಣುವವರಿಗೆ ತಿಂಗಳ ಹೂಡಿಕೆಯ ಶಿಸ್ತು ಬರುವ ದಾರಿ ಇದು.

ಈ ಕ್ರಮದ ಬೆಲೆ 2020ರ ಮಾರ್ಚ್‌ನಲ್ಲಿ ತಿಳಿಯಿತು. ದೇಶದ ಮೊದಲ ಕೋವಿಡ್ ಸಾವು ಆಗಿದ್ದು ನಮ್ಮ ಕಲಬುರಗಿಯವರದೇ. ಬೇರೆ ಊರುಗಳಿಗಿಂತ ಮೊದಲೇ ಇಲ್ಲಿ ಬೀದಿಗಳು ಖಾಲಿಯಾದವು. ಮಾರ್ಚ್ 23ರ ಒಂದೇ ದಿನ ಮುಂಬೈ ಷೇರು ಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಸುಮಾರು 3,935 ಅಂಶ ಕುಸಿಯಿತು. ಜನವರಿಯಲ್ಲಿ 12,000ದ ಮೇಲಿದ್ದ ನಿಫ್ಟಿ 7,610ಕ್ಕೆ ಬಂದು ನಿಂತಿತು. ವರ್ಷದ ಖರ್ಚು, ಬಿತ್ತನೆಯ ಹಣ ಬ್ಯಾಂಕಿನಲ್ಲಿ ಬೇರೆಯೇ ಇದ್ದುದರಿಂದ ಫಂಡ್ ಮಾರುವ ಪ್ರಸಂಗ ನಮಗೆ ಬರಲಿಲ್ಲ. ಎಸ್‌ಟಿಪಿಯ ಕಂತುಗಳು ಅಗ್ಗದ ದರದಲ್ಲಿ ಹೆಚ್ಚು ಯೂನಿಟ್ ಕೊಳ್ಳುತ್ತಾ ನಡೆದವು, ನವೆಂಬರ್‌ನಲ್ಲಿ ನಿಫ್ಟಿ ಹಳೆಯ ಎತ್ತರಕ್ಕೆ ಮರಳಿತು. ಪ್ರತಿ ಕುಸಿತವೂ ಇಷ್ಟು ಬೇಗ ಏಳುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಏಳೆಂಟು ವರ್ಷ ಬೇಕಾಗದ ಹಣವನ್ನು ಮಾತ್ರ ಅಲ್ಲಿಡಿ ಎನ್ನುತ್ತೇನೆ.

ರಾಶಿಯ ಕಾಲಕ್ಕೆ ಸರಿಯಾಗಿ ಮನೆಗೆ ಬರುವವರೂ ಇರುತ್ತಾರೆ. “ಅಕ್ಕಾ, ತಿಂಗಳಾ ನೂರಕ್ಕ ಐದು ಗ್ಯಾರಂಟಿ ಅದ, ನೀವೂ ಹಾಕ್ರಿ” ಎಂದವರಿಗೆ ನಾನು ಕೇಳಿದ್ದು ಷೇರು ಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ ನೋಂದಣಿ ಸಂಖ್ಯೆಯನ್ನು. ಷೇರು ಪೇಟೆಯ ಹೆಸರಿನಲ್ಲಿ ಖಚಿತ ಲಾಭದ ಮಾತಾಡುವವರು ಯಾರೇ ಆಗಲಿ, ಬೀಗರೇ ಆಗಲಿ, ಆ ಸಂಖ್ಯೆಯನ್ನು ಕೇಳಿ ಸೆಬಿ ಜಾಲತಾಣದಲ್ಲಿ ಹುಡುಕಿ ನೋಡಬೇಕು.

ತೆರಿಗೆಯ ವಿಷಯವೂ ಇದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವೆಂದ ಮಾತ್ರಕ್ಕೆ ಆ ಹಣದಿಂದ ಹುಟ್ಟಿದ ಠೇವಣಿ ಬಡ್ಡಿಗೆ ವಿನಾಯಿತಿ ಇರುವುದಿಲ್ಲ. ಸೂಚ್ಯಂಕ ಫಂಡನ್ನು ಒಂದು ವರ್ಷ ದಾಟಿ ಮಾರಿದಾಗ, ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ 2024ರ ಜುಲೈನಿಂದ ಶೇ. 12.5 ತೆರಿಗೆ. ಹೀಗಾಗಿ ಪಟ್ಟಿಗಳು, ಬಡ್ಡಿಯ ಪ್ರಮಾಣಪತ್ರ, ಫೋಲಿಯೊ (ಫಂಡ್ ಖಾತೆ) ಸಂಖ್ಯೆಗಳು ಒಂದೇ ಕಡತದಲ್ಲಿವೆ. ಪ್ರತಿ ಖಾತೆಗೂ ನಾಮಿನಿಯ ಹೆಸರು ಬರೆಸಿದ್ದೇನೆ, ಕಡತ ಇರುವ ಜಾಗವನ್ನು ಮಗಳಿಗೂ ತೋರಿಸಿದ್ದೇನೆ.