ಹಳೆಯ ಲ್ಯಾಪ್‌ಟಾಪ್, ಉಳಿದ ವರ್ಷಗಳ ಲೆಕ್ಕ: ರಾಯಚೂರಿನಲ್ಲಿ ನಾನು ಮಾಡಿ ನೋಡಿದ್ದು

ರಿಫರ್ಬಿಶ್ಡ್, ಅಂದರೆ ಬಳಸಿದ್ದನ್ನು ರಿಪೇರಿ ಮಾಡಿ ಮಾರುವ, ಲ್ಯಾಪ್‌ಟಾಪಿಗೆ ರ‍್ಯಾಮ್, ಡಿಸ್ಕ್ ಮತ್ತು ಹೊರಮೈ ನೋಡಿ ಬೆಲೆ ಕಟ್ಟುವುದು ನಮ್ಮ ಕಸುಬಿನ ರೂಢಿ. 2022ರ ಕೊನೆಯ ಹೊತ್ತಿಗೆ ನಾನು ಆ ರೂಢಿಯನ್ನು ಬಿಟ್ಟೆ. ಯಂತ್ರಕ್ಕೆ ಇನ್ನೆಷ್ಟು ವರ್ಷ ಭದ್ರತಾ ಅಪ್‌ಡೇಟ್ ಬರುತ್ತದೆ ಎಂದು ಮೊದಲು ನೋಡಿ, ಕೊಂಡ ಬೆಲೆಗೆ ರಿಪೇರಿಯ ಖರ್ಚನ್ನು ಸೇರಿಸಿ, ಆ ಮೊತ್ತವನ್ನು ಉಳಿದ ವರ್ಷಗಳಿಂದ ಭಾಗಿಸಿ, ವರ್ಷಕ್ಕೆ ಕಡಿಮೆ ಹಣ ಬೀಳುವ ಯಂತ್ರವನ್ನು ಮಾತ್ರ ಕೊಳ್ಳತೊಡಗಿದೆ. ಎತ್ತು ಕೊಳ್ಳುವವನು ಹಲ್ಲು ನೋಡುವಂತೆ ನಾನು ಪ್ರೊಸೆಸರಿನ ಸಂಖ್ಯೆ ನೋಡುತ್ತೇನೆ. ಉಳಿದದ್ದನ್ನೆಲ್ಲ ಆಮೇಲೆ ಬದಲಾಯಿಸಬಹುದು, ಅದನ್ನು ಬದಲಾಯಿಸಲು ಬರುವುದಿಲ್ಲ.

ಆಗ ಇದನ್ನು ಒಪ್ಪಿದವರು ಊರಿನಲ್ಲಿ ಯಾರೂ ಇರಲಿಲ್ಲ. ಊರಿನ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜ್‌ನ ದಲ್ಲಾಳಿ ಅಂಗಡಿಗಳಿಗೆ ಇಂಟೆಲ್ ಪ್ರೊಸೆಸರಿನ ಆರನೇ, ಏಳನೇ ಜನರೇಷನ್ (ಪೀಳಿಗೆ) ಯಂತ್ರಗಳು 12–13 ಸಾವಿರಕ್ಕೆ ಸಿಗುತ್ತಿದ್ದವು, ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಅದರಲ್ಲಿಯೂ ಚೆನ್ನಾಗಿಯೇ ಓಡುತ್ತಿತ್ತು. ಹಾಗಿರುವಾಗ ಎಂಟನೇ ಜನರೇಷನ್‌ಗೆ ಅದಕ್ಕಿಂತ ಹೆಚ್ಚು ಬೆಲೆ ಕೇಳುವ ನನ್ನ ಬಳಿ ಗಿರಾಕಿ ಏಕೆ ಬರಬೇಕು ಎಂಬುದು ಎಲ್ಲರ ಪ್ರಶ್ನೆಯಾಗಿತ್ತು. ನನಗಿಂತ ಹಿರಿಯರಾದ, ಇದೇ ಕೆಲಸ ಮಾಡುವ ಒಬ್ಬರು ನೇರವಾಗಿಯೇ ಹೇಳಿದ್ದರು: “ಐದು ವರ್ಷದ್ ಹಳೇ ಮಾಲಿಗೆ ಅಷ್ಟ್ ರೊಕ್ಕ ಯಾರು ಕೊಡ್ತಾರ್ರೀ? ಅಪ್‌ಡೇಟ್ ಬಂದ್ರೇನು, ಬಿಟ್ರೇನು?” 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ನಿಂತ ಮೇಲೆ ಅದೇ ಹಿರಿಯರು ತಮ್ಮ ಗಿರಾಕಿಗಳನ್ನು ನನ್ನ ಅಂಗಡಿಗೆ ಕಳಿಸುತ್ತಿದ್ದಾರೆ. ಈ ಬರಹವನ್ನು ಈಗ ಬರೆಯುವ ಧೈರ್ಯ ಬಂದದ್ದು ಅದರಿಂದಲೇ.

2023ರ ಆರಂಭದಲ್ಲಿ ಹಾಕಿದ ಲೆಕ್ಕ ನೆನಪಿರುವಷ್ಟು ಹೀಗಿದೆ. ಏಳನೇ ಜನರೇಷನ್ ಯಂತ್ರಕ್ಕೆ 13 ಸಾವಿರ, ಎಸ್‌ಎಸ್‌ಡಿ ಮತ್ತು ಬ್ಯಾಟರಿಗೆ ಇನ್ನೊಂದು 6 ಸಾವಿರ, ಒಟ್ಟು 19 ಸಾವಿರ. ಏಳನೆಯದು ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರುಗಳ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರಲ್ಲಿ ಬೆಂಬಲ ಉಳಿದಿದ್ದುದು ಮೂರು ವರ್ಷಕ್ಕೂ ಕಡಿಮೆ, ಆದ್ದರಿಂದ ವರ್ಷಕ್ಕೆ ಹತ್ತಿರ ಹತ್ತಿರ 7 ಸಾವಿರ ಬೀಳುತ್ತಿತ್ತು. ಆ ಪಟ್ಟಿಯಲ್ಲಿರುವ ಎಂಟನೇ ಜನರೇಷನ್ ಯಂತ್ರಕ್ಕೆ 18 ಸಾವಿರ, ಮೇಲಿನ ಖರ್ಚು ಅದೇ 6 ಸಾವಿರ, ಒಟ್ಟು 24 ಸಾವಿರ. ವಿಂಡೋಸ್ 11ಕ್ಕೆ ಒಟ್ಟಾರೆ ಕೊನೆಯ ದಿನವನ್ನು ಮೈಕ್ರೋಸಾಫ್ಟ್ ಹೇಳಿರಲಿಲ್ಲ. ಪ್ರತಿ ವರ್ಷದ ಆವೃತ್ತಿಗೆ ಹೋಮ್ ಮತ್ತು ಪ್ರೊ ಎಂಬ ಬಗೆಗಳಲ್ಲಿ 24 ತಿಂಗಳು ಎಂದಷ್ಟೇ ಇತ್ತು. ವಿಂಡೋಸ್ 10 ಹತ್ತು ವರ್ಷ ನಡೆಯುತ್ತಿರುವುದರಿಂದ 11ರಲ್ಲಿ ಈ ಯಂತ್ರಕ್ಕೆ ಇನ್ನು ಐದು ವರ್ಷವಾದರೂ ಸಿಕ್ಕೀತು ಎಂದು ಹಿಡಿದೆ. ಅಂದರೆ ವರ್ಷಕ್ಕೆ 5 ಸಾವಿರದೊಳಗೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ 25ಎಚ್2 ಆವೃತ್ತಿಯಲ್ಲಿಯೂ ಎಂಟನೇ ಜನರೇಷನ್ ಪಟ್ಟಿಯಲ್ಲಿ ಉಳಿಯಿತು ಮತ್ತು ಆ ಆವೃತ್ತಿಗೆ 2027ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಇದೆ. ನಾನು ಹಿಡಿದ ಐದು ವರ್ಷದ ಅಂದಾಜು ಈಗ ಬಹುತೇಕ ದಿನಾಂಕದ ಸಮೇತ ನಿಂತಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಂಗಡಿಗಳಲ್ಲಿ ಇನ್ನೂ ಐ7 ಎಂಬ ಚೀಟಿಗೆ ಹೆಚ್ಚು ಬೆಲೆ ಇದೆ. ಐ7-7600ಯು ಏಳನೇ ಜನರೇಷನ್‌ನ, ಎರಡು ಕೋರ್‌ನ ಚಿಪ್, ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಐ5-8250ಯು ಎಂಟನೆಯದು, ನಾಲ್ಕು ಕೋರ್‌ನದು, ಪಟ್ಟಿಯಲ್ಲಿದೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ಮೊದಲನೆಯದಕ್ಕೆ ಸಾವಿರ ಹೆಚ್ಚು ಹೇಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಟಿಪಿಎಂ 2.0 ಇದೆ, ಆದ್ದರಿಂದ 11 ಹಾಕಬಹುದು ಎಂಬ ಮಾತನ್ನೂ ನಂಬಬಾರದು. ಏಳನೇ ಜನರೇಷನ್‌ನ ಅನೇಕ ಯಂತ್ರಗಳಲ್ಲಿ ಟಿಪಿಎಂ 2.0 ಇದೆ, ಪ್ರೊಸೆಸರ್ ಮಾತ್ರ ಪಟ್ಟಿಯಲ್ಲಿಲ್ಲ. ಇನ್ನೊಂದು ಚಿಪ್ ಕಂಪನಿಯಾದ ಎಎಂಡಿಯಲ್ಲಿ ರೈಜನ್ 5 2500ಯು ಪಟ್ಟಿಯ ಹೊರಗೆ, 3500ಯು ಒಳಗೆ. ಈ ಒಂದು ಅಂಕಿಯ ವ್ಯತ್ಯಾಸವನ್ನು ಅರಿಯದೆ 2500ಯು ಕೊಂಡ ಇಬ್ಬರು ವಿದ್ಯಾರ್ಥಿಗಳು ನನ್ನ ಅಂಗಡಿಗೆ ಬಂದಿದ್ದರು, ಅವರಿಗೆ ನಾನು ಕೊಡಬಹುದಾದ ಸಮಾಧಾನ ಏನೂ ಇರಲಿಲ್ಲ.

ಖರೀದಿಗೆ ನಾನು ಬೆಂಗಳೂರಿನ ಎಸ್‌ಪಿ ರಸ್ತೆಗಿಂತ ಹೆಚ್ಚಾಗಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗುತ್ತೇನೆ. ರಾಯಚೂರಿನವರಿಗೆ ಅದು ಹತ್ತಿರ, ರೈಲೂ ಇದೆ, ಬಸ್ಸೂ ಇದೆ. ಯಾವ ಮಹಡಿಯಲ್ಲಿ, ಯಾರ ಬಳಿ, ತಿಂಗಳ ಯಾವ ವಾರದಲ್ಲಿ ಕಂಪನಿಗಳ ಹೊಸ ಮಾಲು ಬಂದು ಬೀಳುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ತಿಳಿಯಲು ನಾನು ಬಹಳ ಓಡಾಡಿದ್ದೇನೆ.

ಮೊದಲ ಖೇಪಿನಲ್ಲಿಯೇ ದೊಡ್ಡ ಪೆಟ್ಟು ಬಿದ್ದಿತ್ತು. ಹತ್ತರ ಆಸುಪಾಸಿನ ಯಂತ್ರಗಳಲ್ಲಿ ಎರಡನ್ನು ಇಲ್ಲಿಗೆ ತಂದು ವಿಂಡೋಸ್ ಹೊಸದಾಗಿ ಹಾಕಿ ಇಂಟರ್ನೆಟ್‌ಗೆ ಜೋಡಿಸಿದ ಕೂಡಲೇ ಯಾವುದೋ ಕಂಪನಿಯ ಹೆಸರು ಬಂದು, ಅಲ್ಲಿನ ನೌಕರರ ಇಮೇಲ್ ಮತ್ತು ಪಾಸ್‌ವರ್ಡ್ ಕೇಳತೊಡಗಿತು. ಆ ಕಂಪನಿಯವರು ಯಂತ್ರವನ್ನು ಮಾರುವಾಗ ತಮ್ಮ ಆಟೋಪೈಲಟ್ ನೋಂದಣಿಯಿಂದ, ಅಂದರೆ ಕಂಪನಿಯ ಯಂತ್ರಗಳೆಂದು ಮೈಕ್ರೋಸಾಫ್ಟ್ ಬಳಿ ಬರೆಸಿಟ್ಟ ಪಟ್ಟಿಯಿಂದ, ತೆಗೆದಿರಲಿಲ್ಲ. ಮಾರಿದವನು ಇಂಟರ್ನೆಟ್ ಇಲ್ಲದೆ ವಿಂಡೋಸ್ ಹಾಕಿದ್ದರಿಂದ ಅಂಗಡಿಯಲ್ಲಿ ಅದು ಕಾಣಿಸಿರಲಿಲ್ಲ. ಸುಮಾರು 35 ಸಾವಿರ ರೂಪಾಯಿ ಸಿಕ್ಕಿಕೊಂಡಿತು. ಒಂದಕ್ಕೆ ಬದಲಿ ಯಂತ್ರ ಸಿಕ್ಕಿತು, ಇನ್ನೊಂದನ್ನು ಬಿಡಿಭಾಗಕ್ಕೆ ಬಿಚ್ಚಬೇಕಾಯಿತು. ಅಂದಿನಿಂದ ನನ್ನ ಚೀಲದಲ್ಲಿ ನನ್ನದೇ ಒಂದು ಖಾಲಿ ಎನ್‌ವಿಎಂಇ ಎಸ್‌ಎಸ್‌ಡಿ, ವಿಂಡೋಸ್ 11ರ ಪೆನ್‌ಡ್ರೈವ್ ಮತ್ತು ಸ್ಕ್ರೂಡ್ರೈವರ್ ಇರುತ್ತವೆ. ನೋಂದಣಿ ಇರುವುದು ಯಂತ್ರದ ಗುರುತಿನ ಮೇಲೆ, ಡಿಸ್ಕಿನ ಮೇಲಲ್ಲ. ಆದ್ದರಿಂದ ಅಂಗಡಿಯವರ ಡಿಸ್ಕನ್ನು ಮುಟ್ಟದೆ ನನ್ನದನ್ನು ಹಾಕಿ, ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು, ಮೊದಲ ಪರದೆಗಳನ್ನು ದಾಟಿದರೆ ನಿಜ ಹೊರಬೀಳುತ್ತದೆ. ಕೀ ಕೊಡದೆಯೇ ವಿಂಡೋಸ್ ಪ್ರೊ ಆಕ್ಟಿವೇಟ್ ಆದರೆ ಆ ಯಂತ್ರಕ್ಕೆ ಪ್ರೊ ಲೈಸೆನ್ಸ್ ಇದೆ ಎಂಬುದೂ ಅದೇ ಹೊತ್ತಿನಲ್ಲಿ ಗೊತ್ತಾಗುತ್ತದೆ. ಯಂತ್ರವೊಂದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಮಾರುವವರಿಗೆ ಬೇಸರವಾಗುತ್ತದೆ. ಆದರೂ ಬಯೋಸ್ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಪಾಸ್‌ವರ್ಡ್ ಮತ್ತು ಆಟೋಪೈಲಟ್ ನೋಡದೆ ನಾನು ಈಗ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ಬ್ಯಾಟರಿಯ ವಿಷಯದಲ್ಲಿ ವಿಂಡೋಸ್‌ನ ಪವರ್‌ಸಿಎಫ್‌ಜಿ ಎಂಬ ಆಜ್ಞೆ ಕೊಡುವ ವರದಿಯೊಂದನ್ನೇ ನಂಬಿ ಕೂರುವಂತಿಲ್ಲ. ಅಗ್ಗದ ಸೆಲ್ ಹಾಕಿ ಚಿಪ್ಪನ್ನು ಮರುಹೊಂದಿಸಿದ ಬ್ಯಾಟರಿ ನೂರಕ್ಕೆ ನೂರು ಸಾಮರ್ಥ್ಯ, ಸೊನ್ನೆ ಸೈಕಲ್ (ಚಾರ್ಜ್ ಆಗಿ ಖಾಲಿಯಾದ ಸುತ್ತು) ಎಂದು ತೋರಿಸುತ್ತದೆ. ಐದು ವರ್ಷದ ಯಂತ್ರದಲ್ಲಿ ಸೊನ್ನೆ ಸೈಕಲ್ ಕಂಡರೆ ನನಗೆ ಅನುಮಾನ ಹೆಚ್ಚುತ್ತದೆ. ಚಾರ್ಜರ್ ತೆಗೆದು, ಪರದೆಯ ಬೆಳಕನ್ನು ಅರ್ಧಕ್ಕಿಟ್ಟು ಅರ್ಧ ಗಂಟೆ ವಿಡಿಯೊ ಓಡಿಸುತ್ತೇನೆ. ಶೇ 15ಕ್ಕಿಂತ ಹೆಚ್ಚು ಇಳಿದರೆ ಬ್ಯಾಟರಿಯ ಬೆಲೆಯನ್ನು, ಅಂದರೆ 3ರಿಂದ 4 ಸಾವಿರವನ್ನು, ಅಲ್ಲಿಯೇ ಕಡಿತ ಕೇಳುತ್ತೇನೆ. ಇದಲ್ಲದೆ ಬೋರ್ಡಿಗೆ ಹಿಂದೆ ಬೆಸುಗೆ ಬಿದ್ದಿದೆಯೇ ಎಂದು ತಿಳಿಯಲು ನನ್ನದೊಂದು ಗುರುತು ಇದೆ, ಅದು ನನ್ನ ಬಳಿಯೇ ಇರಲಿ.

ಮಾದರಿಯ ಆಯ್ಕೆಯಲ್ಲಿ ನಾನು ನೋಡುವುದು ರ‍್ಯಾಮ್ ಸ್ಲಾಟ್. ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5, ಈ ಮೂರರಲ್ಲೂ ಎರಡು ಸ್ಲಾಟ್ ಇವೆ. ಥಿಂಕ್‌ಪ್ಯಾಡ್ ಟಿ490ರಲ್ಲಿ ರ‍್ಯಾಮ್ ಅರ್ಧ ಬೋರ್ಡಿಗೇ ಬೆಸುಗೆ, ಎಕ್ಸ್280ರಲ್ಲಿ ಪೂರ್ತಿ ಬೆಸುಗೆ. 8 ಜಿಬಿಯ ಎಕ್ಸ್280 ಕೊಂಡವನು ಕೊನೆಯವರೆಗೆ 8 ಜಿಬಿಯಲ್ಲಿಯೇ ಇರಬೇಕು. ಅಪ್‌ಡೇಟ್ ಬರುವ ವರ್ಷಗಳು ಬಾಕಿ ಇದ್ದರೂ ರ‍್ಯಾಮ್ ಸಾಲದೆ ಯಂತ್ರ ಮೊದಲೇ ಮುದಿಯಾಗುವುದು ಹೀಗೆ. ದಲ್ಲಾಳಿ ಅಂಗಡಿಗಳಿಗೆ ನಾನು ಟಿ480ಯನ್ನೇ ಕೊಡುತ್ತೇನೆ, ಏಕೆಂದರೆ ಒಳಗೊಂದು, ಹೊರಗೊಂದು ಬ್ಯಾಟರಿ ಇರುವುದರಿಂದ ಕರೆಂಟ್ ಹೋದಾಗ ಯಂತ್ರವನ್ನು ಆರಿಸದೆಯೇ ಹೊರಗಿನದನ್ನು ಬದಲಾಯಿಸಬಹುದು. ಅದಕ್ಕೆ ಬಂದಿರುವ ಥಂಡರ್‌ಬೋಲ್ಟ್ (ಟೈಪ್ ಸಿ ಕಿಂಡಿಯನ್ನು ನಡೆಸುವ ಚಿಪ್) ಫರ್ಮ್‌ವೇರ್ ಅಪ್‌ಡೇಟನ್ನು ಮಾತ್ರ ಮೊದಲ ದಿನವೇ ಹಾಕಬೇಕು, ಇಲ್ಲವಾದರೆ ಟೈಪ್ ಸಿ ಚಾರ್ಜಿಂಗ್ ಕೈಕೊಡುವ ಸಾಧ್ಯತೆ ಇದೆ.

ನಮ್ಮ ಕಡೆಯ ನಿಜವಾದ ಶತ್ರು ಬಿಸಿಲು ಮತ್ತು ಹತ್ತಿ. ಜಿನ್ನಿಂಗ್ ಮಿಲ್ಲಿಗೆ ಕೊಟ್ಟ ಒಂದು ಯಂತ್ರ ಹತ್ತಿಯ ಸುಗ್ಗಿ ಮುಗಿಯುವುದರೊಳಗೆ ತಾನಾಗಿಯೇ ಆರತೊಡಗಿತು. ಬಿಚ್ಚಿ ನೋಡಿದರೆ ಫ್ಯಾನಿಗೂ ಹೀಟ್‌ಸಿಂಕಿಗೂ ನಡುವೆ ಹತ್ತಿಯ ಎಳೆಗಳು ಕಂಬಳಿಯಂತೆ ಕೂತಿದ್ದವು. ಗಾಳಿ ಒಳಹೋಗುವ ಕಿಂಡಿಗೆ ಸೊಳ್ಳೆಪರದೆಯ ಬಟ್ಟೆ ಅಂಟಿಸಿ ನೋಡಿದೆ. ಎಳೆ ನಿಂತಿತು, ಆದರೆ ಏಪ್ರಿಲ್ ಬಿಸಿಲಿಗೆ ಯಂತ್ರ 95 ಡಿಗ್ರಿಗೆ ಏರಿ ನಿಧಾನವಾಯಿತು. ಕೊನೆಗೆ ಬಟ್ಟೆ ತೆಗೆದು, ಸುಗ್ಗಿಯಲ್ಲಿ ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯುವುದು, ಬೇಸಿಗೆಗೆ ಮುಂಚೆ ಥರ್ಮಲ್ ಪೇಸ್ಟ್ ಬದಲಾಯಿಸುವುದು ಎಂದು ಗೊತ್ತುಮಾಡಿದೆ. ಪೇಸ್ಟಿಗೆ 400 ರೂಪಾಯಿಯ ಒಳಗೆ, ಶಾಖ ಹತ್ತು ಹನ್ನೆರಡು ಡಿಗ್ರಿ ಇಳಿಯುತ್ತದೆ. ಚಾರ್ಜರ್ ಸದಾ ಚುಚ್ಚಿಯೇ ಇರುವ ಅಂಗಡಿಗಳಲ್ಲಿ ಬ್ಯಾಟರಿ ಚಾರ್ಜನ್ನು ಶೇ 80ಕ್ಕೆ ನಿಲ್ಲಿಸಿದ ಮೇಲೆ ಉಬ್ಬಿದ ಬ್ಯಾಟರಿಗಳು ನನ್ನ ಮೇಜಿಗೆ ಬರುವುದು ಬಹಳ ಕಡಿಮೆಯಾಗಿದೆ.

ಪಟ್ಟಿಯಲ್ಲಿಲ್ಲದ ಯಂತ್ರಗಳಿಗೆ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕುವ ದಾರಿ ಎಲ್ಲರಿಗೂ ಗೊತ್ತು. ಅದನ್ನೂ ಕೆಲವು ಆರನೇ ಜನರೇಷನ್ ಯಂತ್ರಗಳ ಮೇಲೆ ಮಾಡಿ ನೋಡಿದೆ. ತಿಂಗಳ ಅಪ್‌ಡೇಟ್‌ಗಳು ಬಂದವು, ಆದರೆ ವರ್ಷದ ಹೊಸ ಆವೃತ್ತಿ ತಾನಾಗಿ ಬರಲಿಲ್ಲ. ಅವುಗಳಲ್ಲಿದ್ದ 23ಎಚ್2 ಆವೃತ್ತಿಯ ಹೋಮ್ ಮತ್ತು ಪ್ರೊ ಬೆಂಬಲ 2025ರ ನವೆಂಬರ್‌ನಲ್ಲಿ ಮುಗಿಯಿತು. ಆ ಯಂತ್ರಗಳನ್ನೆಲ್ಲ ಒಂದೊಂದಾಗಿ ಕರೆಸಿ ಕೈಯಿಂದ ಮೇಲೇರಿಸಬೇಕಾಯಿತು. ಒಂದಕ್ಕೆ ಅರ್ಧ ದಿನದ ಕೂಲಿ ಹೋಯಿತು, ಗಿರಾಕಿಯಿಂದ ಕೇಳುವಂತೆಯೂ ಇರಲಿಲ್ಲ. ಪ್ರತಿ ಎರಡು ವರ್ಷಕ್ಕೆ ಈ ಕೂಲಿಯನ್ನು ಸೇರಿಸಿದರೆ ಅಗ್ಗದ ಯಂತ್ರ ಅಗ್ಗವಾಗಿ ಉಳಿಯುವುದಿಲ್ಲ. ಮನೆಬಳಕೆಯ ವಿಂಡೋಸ್ 10 ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗಿನ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿಸಿಕೊಟ್ಟೆ. ಅದು ಹೊಸದು ಕೊಳ್ಳಲು ಸಿಕ್ಕ ಒಂದು ವರ್ಷದ ಗಡುವು, ಅದನ್ನು ಆಯುಷ್ಯವೆಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಡುವೆ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಪ್ರಯೋಗವೂ ನಡೆಯಿತು. ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಬೆಂಬಲ ಇರುವುದರಿಂದ, 5–6 ಸಾವಿರಕ್ಕೆ ಇಳಿದ ಆರನೇ ಜನರೇಷನ್ ಯಂತ್ರಕ್ಕೆ ವರ್ಷಕ್ಕೆ ಎರಡು ಸಾವಿರದಷ್ಟೇ ಬೀಳುತ್ತದೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ. ಪ್ರೋಗ್ರಾಮಿಂಗ್ ಕಲಿಯುವ ವಿದ್ಯಾರ್ಥಿಗಳಿಗೆ ಹೀಗೆ ಕೊಟ್ಟವು ಒಂದೂ ಮರಳಿ ಬಂದಿಲ್ಲ. ಡಿಟಿಪಿ ಅಂಗಡಿಯಲ್ಲಿ ಮಾತ್ರ ಸೋತಿತು. ಯೂನಿಕೋಡ್ ಕನ್ನಡವನ್ನು ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆಯಲ್ಲಿ ಸಲೀಸಾಗಿ ಟೈಪ್ ಮಾಡಬಹುದಾದರೂ, ಅವರ ಬಳಿ ಇದ್ದುದು ನುಡಿ ತಂತ್ರಾಂಶದಲ್ಲಿ ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ರೂಪದಲ್ಲಿ ಮಾಡಿದ ವರ್ಷಗಟ್ಟಲೆಯ ಕಡತಗಳು. ಅವನ್ನು ಪರಿವರ್ತಿಸಿದಾಗ ಒತ್ತಕ್ಷರಗಳು ಅಲ್ಲಲ್ಲಿ ಕದಲಿದವು, ಮದುವೆ ಪತ್ರಿಕೆಯಲ್ಲಿ ಅದು ನಡೆಯುವುದಿಲ್ಲ. ಟ್ಯಾಲಿ ವಿಂಡೋಸ್‌ಗೆಂದೇ ಇರುವುದರಿಂದ ಅದನ್ನು ಬಳಸುವವರ ಮುಂದೆ ಲಿನಕ್ಸ್ ಮಾತನ್ನೇ ಎತ್ತಬಾರದು.

ಕ್ರೋಮ್‌ಬುಕ್ ಬಗ್ಗೆ ಕೇಳುವವರಿಗೆ ಒಂದೇ ಮಾತು: 2021ರಿಂದೀಚೆಗೆ ಬಿಡುಗಡೆಯಾದ ಮಾದರಿಗಳಿಗೆ ಗೂಗಲ್ ಹತ್ತು ವರ್ಷದ ಅಪ್‌ಡೇಟ್ ಹೇಳಿದೆ, ಆದರೆ ಆ ಹತ್ತು ವರ್ಷ ಆರಂಭವಾಗುವುದು ಆ ಮಾದರಿಯ ಪ್ಲಾಟ್‌ಫಾರ್ಮ್ (ಒಳಗಿನ ಮೂಲ ವಿನ್ಯಾಸ) ಮೊದಲು ಬಿಡುಗಡೆಯಾದಂದಿನಿಂದ, ನೀವು ಕೊಂಡಂದಿನಿಂದ ಅಲ್ಲ. ಇಂಟೆಲ್ ಮ್ಯಾಕ್‌ಬುಕ್‌ಗಳನ್ನು ನಾನು ಮುಟ್ಟುವುದೇ ಇಲ್ಲ. ಮ್ಯಾಕ್‌ಓಎಸ್ 26 ಇಂಟೆಲ್ ಯಂತ್ರಗಳಿಗೆ ಕೊನೆಯದೆಂದು ಆಪಲ್ ಹೇಳಿದೆ, ಅದೂ ಕೆಲವೇ ಮಾದರಿಗಳಿಗೆ.

ಈಗ ನನ್ನ ಪರೀಕ್ಷೆಗೆ ಹೊಸದಾಗಿ ಸೇರಿರುವುದು ಸೆಕ್ಯೂರ್ ಬೂಟ್ ಪ್ರಮಾಣಪತ್ರ, ಅಂದರೆ ಯಂತ್ರ ಆನ್ ಆಗುವಾಗ ನಂಬಬಹುದಾದ ತಂತ್ರಾಂಶ ಮಾತ್ರ ಓಡುವಂತೆ ನೋಡುವ ಡಿಜಿಟಲ್ ಗುರುತು. 2011ರಲ್ಲಿ ಕೊಟ್ಟವುಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತ ಹೋಗುತ್ತದೆ, 2023ರವು ಆ ಜಾಗಕ್ಕೆ ಬರಬೇಕು. ಆದ್ದರಿಂದ ತಯಾರಕರ ತಾಣದಲ್ಲಿ ಆ ಮಾದರಿಗೆ ಇತ್ತೀಚಿನ ಬಯೋಸ್ ಯಾವ ತಿಂಗಳಿನದು ಎಂದು ನೋಡಿಯೇ ಮಾತಿಗೆ ಕೂರುತ್ತೇನೆ. ವರ್ಷಗಳಿಂದ ಬಯೋಸ್ ಬಾರದ ಮಾದರಿಯನ್ನು, ಪ್ರೊಸೆಸರ್ ಪಟ್ಟಿಯಲ್ಲಿದ್ದರೂ, ಬಿಟ್ಟುಬಿಡುತ್ತೇನೆ.

ಬೆಲೆಯ ಲೆಕ್ಕವೂ ಬದಲಾಗಿದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವುದರಿಂದ 8 ಜಿಬಿ ಯಂತ್ರ ಕೊಂಡು ಆಮೇಲೆ 16 ಮಾಡುವ ಹಳೆಯ ಉಪಾಯ ಈಗ ಕೂಡಿಬರುವುದಿಲ್ಲ. ಮೊದಲೇ 16 ಇರುವುದನ್ನು ಹುಡುಕುತ್ತಿದ್ದೇನೆ. ಎಂಟನೇ ಜನರೇಷನ್‌ಗೆ ಖಚಿತವಾಗಿ ಉಳಿದಿರುವುದು 2027ರ ಅಕ್ಟೋಬರ್‌ವರೆಗಿನ ಅವಧಿ ಮಾತ್ರ, ಆದ್ದರಿಂದ 16 ಜಿಬಿ ಇದ್ದರೂ ಅದಕ್ಕೆ 13 ಸಾವಿರಕ್ಕಿಂತ ಹೆಚ್ಚು ಕೊಡುವುದಿಲ್ಲ. ಹತ್ತು ಮತ್ತು ಹನ್ನೊಂದನೇ ಜನರೇಷನ್ ಯಂತ್ರಗಳಿಗೆ 20ರಿಂದ 24 ಸಾವಿರದವರೆಗೆ ಹೋಗಲು ಸಿದ್ಧನಿದ್ದೇನೆ. ಮುಂದಿನ ಖೇಪು ಪೂರ್ತಿ ಹನ್ನೊಂದನೆಯದೇ ಇರಲಿದೆ, ಅದರಲ್ಲಿ ಅರ್ಧಕ್ಕೆ ಗಂಜ್‌ನವರು ಈಗಾಗಲೇ ಮುಂಗಡ ಕೊಟ್ಟಿದ್ದಾರೆ.